ಕೋಳಿಗೆ ರಸೀದಿ ಇರಲಿಲ್ಲ

ಕನ್ನಡದ ಪತ್ತೇದಾರರು ಮರ್ಯಾದೆಯ ಕೆಲಸವಿಲ್ಲದೆ ಕೂತು ಬಹಳ ವರ್ಷವಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಮುಗಿಸಿದ ಎನ್. ನರಸಿಂಹಯ್ಯನವರು ಐನೂರು ಚಿಲ್ಲರೆ ಪತ್ತೇದಾರಿ ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯ ದೊರೆಯಾಗಿಸಿದ್ದರು. ಮ. ರಾಮಮೂರ್ತಿಯವರಂತೂ ಪತ್ತೇದಾರಿ ಬರೆದ ಕೈಯಲ್ಲೇ ನಾಡಿಗೆ ಹಳದಿ–ಕೆಂಪು ಬಾವುಟವನ್ನೂ ಕೊಟ್ಟು ಹೋದರು. ಬಾವುಟ ಈಗಲೂ ನವೆಂಬರಿನಲ್ಲಿ ಹಾರುತ್ತದೆ. ಪತ್ತೇದಾರರು ಮಾತ್ರ ಮದುವೆ ಗೊತ್ತಾದ ಹುಡುಗನ ಸಂಬಳವೆಷ್ಟು, ಸಂಜೆ ಯಾವ ಬಾರು ಎಂದು ಬೆನ್ನು ಹತ್ತಿ ಹೊಟ್ಟೆ ಹೊರೆಯುತ್ತಿದ್ದಾರೆ.

ಅಂಥ ಒಬ್ಬ ಪತ್ತೇದಾರನನ್ನು ಈ ಅಂಕಣದ ಖರ್ಚಿನಲ್ಲಿ ಮುಂಡಗೋಡ ತಾಲೂಕಿನ ಪಾಳಾಕ್ಕೆ ಕಳಿಸಿದ್ದೇನೆ. ಕಲ್ಪನೆಯ ಮನುಷ್ಯ, ಟಿಎ–ಡಿಎ ಕೇಳುವುದಿಲ್ಲ. ಭಾರಿ ಗಡಸು ಆಸಾಮಿ. ಅಮೆರಿಕದವರು ಇಂಥವರನ್ನು ಗಟ್ಟಿಯಾಗಿ ಬೇಯಿಸಿದ ಮೊಟ್ಟೆಗೆ ಹೋಲಿಸುತ್ತಾರೆ. ಒಡೆದರೂ ಒಳಗಿನದು ಹರಿಯುವುದಿಲ್ಲವಂತೆ. ಕೋಟಿನ ಕಾಲರು ಎತ್ತಿ, ಟೋಪಿಯನ್ನು ಹುಬ್ಬಿನ ತನಕ ಇಳಿಸಿ, ಚಹಾದಂಗಡಿಯ ಬೆಂಚಿನ ಮೇಲೆ ಕೂತ. ಕಸುಬಿನ ಮೊದಲ ಪ್ರಶ್ನೆಯನ್ನು ಪಿಸುದನಿಯಲ್ಲಿ ಕೇಳಿದ: “ಇತ್ತೀಚೆಗೆ ಊರಿಗೆ ಹೊಸಬರು ಯಾರಾದರೂ ಬಂದಿದ್ದಾರಾ?”

“ಹ್ಞೂಂ ಸರ, ನೀವ ಬಂದೀರಲ್ರಿ.”

ಅರ್ಧ ಕಪ್ ಚಹಾ ಇಳಿಯುವಷ್ಟರಲ್ಲಿ ಅವನ ಊರು, ಮನೆತನ, ಮಕ್ಕಳೆಷ್ಟು, ಮೊದಲ ನೌಕರಿ ಯಾಕೆ ಹೋಯಿತು ಎಂಬುದೆಲ್ಲ ಅಂಗಡಿಯವರಿಗೆ ತಿಳಿದುಹೋಗಿತ್ತು. ಪತ್ತೇದಾರ ಮತ್ತೇನೂ ಕೇಳಿರಲಿಲ್ಲ, ಬರೇ ಉತ್ತರ ಕೊಟ್ಟಿದ್ದ. ಹಳ್ಳಿಗೆ ಪತ್ತೇದಾರರು ಯಾಕೆ ಬರುವುದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆಯಬೇಕಿತ್ತು.

ಅಷ್ಟರಲ್ಲಿ ಕಕ್ಷಿದಾರ ಬಂದ. ಕಾಡಂಚಿನಲ್ಲಿ ಎರಡೆಕರೆ ಭತ್ತ, ಒಂದಿಷ್ಟು ಗೋವಿನಜೋಳ ಬೆಳೆಯುವ ಮುದುಕ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕಾಗದ.

“ನಮ್ಮಜ್ಜನ್ನ ಹುಡುಕಿ ಕೊಡ್ರಿ ಸಾಹೇಬ್ರ.”

“ಯಾವಾಗ ಕಾಣೆಯಾದರು?”

“ಸಾವಿರದ ಒಂಬೈನೂರಾ ಮೂವತ್ತನೇ ಇಸ್ವಿ.”

ಪತ್ತೇದಾರನ ಪೆನ್ನು ನಿಂತಿತು. “ಕೊನೆಯ ಸಲ ನೋಡಿದ್ದು ಎಲ್ಲಿ?”

“ಖರೇ ಹೇಳಬೇಕಂದ್ರ ಅಂವ ಕಳದಿಲ್ರಿ. ನಮ್ಮ ಹೊಲದಾಗ, ಮಾವಿನ ಗಿಡದ ಬುಡಕ ಮಲಗ್ಯಾನ. ನಮಗೆಲ್ಲ ಕಾಣಸ್ತಾನ, ಸರ್ಕಾರಕ್ಕ ಕಾಣವಲ್ಲ.”

ಇದು ಪಾಳಾದ ಒಬ್ಬ ಮುದುಕನ ಗೋಳಲ್ಲ. 10,291 ಚದರ ಕಿಲೋಮೀಟರಿನ ಉತ್ತರ ಕನ್ನಡದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅರಣ್ಯ. ಇಲ್ಲಿ ಊರೊಳಗೆ ಕಾಡೋ ಕಾಡೊಳಗೆ ಊರೋ ಎಂಬುದು ನಕ್ಷೆ ಬರೆದವರಿಗೂ ಬಗೆಹರಿದಿಲ್ಲ. ಅರಣ್ಯವಾಸಿಗಳಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುತ್ತೇವೆಂದು ದಿಲ್ಲಿಯವರು 2006ರಲ್ಲಿ ಕಾಯ್ದೆ ಮಾಡಿದರು. ಉಳುವ ಕಾಡಿನ ನೆಲದ ಹಕ್ಕಿಗೆ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಸಾಗುವಳಿಯಲ್ಲಿದ್ದರೆ ಸಾಕು. ಪಂಗಡದ ಪಟ್ಟಿಯಲ್ಲಿಲ್ಲದ ಗೌಳಿ ದಡ್ಡಿಯವರು, ಉಳಿದ ಬಡ ರೈತರು ಮಾತ್ರ ಆ ದಿನಕ್ಕೆ ಹಿಂದೆ ಮೂರು ತಲೆಮಾರು ಇಲ್ಲೇ ಇದ್ದೆವೆಂದು ತೋರಿಸಬೇಕು. ತಲೆಮಾರೊಂದಕ್ಕೆ 25 ವರ್ಷವೆಂದು ಕಾಯ್ದೆಯೇ ಲೆಕ್ಕ ಹಾಕಿಟ್ಟಿದೆ. ಮೂರಿಪ್ಪತ್ತೈದು ಎಪ್ಪತ್ತೈದು, ಹಿಂದಕ್ಕೆ ಎಣಿಸಿದರೆ 1930ರ ಡಿಸೆಂಬರ್ 13. ಆ ದಿನ ನಿಮ್ಮಜ್ಜ ಎಲ್ಲಿದ್ದ?

ಕೊಲೆ ಆರೋಪಿಯನ್ನೂ ಪೊಲೀಸರು ಇಷ್ಟು ಹಿಂದಿನದು ಕೇಳುವುದಿಲ್ಲ.

ನಮ್ಮ ಪತ್ತೇದಾರ ತನಿಖೆಗೆ ಇಳಿದ. ಶಾಲೆಯ ದಾಖಲೆ? ಅಜ್ಜ ಶಾಲೆಯ ಮುಖ ಕಂಡವನಲ್ಲ. ಪಡಿತರ ಚೀಟಿ? ಆಗ ಅದಿನ್ನೂ ಹುಟ್ಟಿರಲಿಲ್ಲ. ಮತದಾರರ ಪಟ್ಟಿ? ಬ್ರಿಟಿಷರ ಕಾಲದಲ್ಲಿ ಮತ ಹಾಕಲು ಆಸ್ತಿ ಬೇಕಿತ್ತು, ಆಸ್ತಿಯೆಂದು ತೋರಿಸಲು ಕಾಗದ ಬೇಕಿತ್ತು, ಆ ಕಾಗದಕ್ಕಾಗಿಯೇ ಈಗ ಹುಡುಕಾಟ. ಹೋಗಲಿ, ಜಿಲ್ಲೆಯ ಹಳೇ ಕಡತ? 1956ರ ನವೆಂಬರ್ ಬರುವ ತನಕ ಈ ಜಿಲ್ಲೆ ಮುಂಬೈಗೆ ಸೇರಿತ್ತು. ಕಚೇರಿಯಿಂದ ಕಚೇರಿಗೆ ಪಾಳಿ ಹಚ್ಚಿದ ಪಾಳಾದ ಮುದುಕನ ಚೀಲ ಮಾತ್ರ ದಪ್ಪವಾಗುತ್ತಿತ್ತು: ಜಿಪಿಎಸ್ ನಕ್ಷೆ, ಅರ್ಜಿಯ ನಕಲು, ಮೇಲ್ಮನವಿಯ ನಕಲು, ಅದಕ್ಕೆ ಬಂದ ಹಿಂಬರಹ. ಹಿಂಬರಹದ ಸಾರಾಂಶ ಒಂದೇ ಸಾಲು: ಮೂರು ತಲೆಮಾರಿನ ದಾಖಲೆ ಒದಗಿಸಿರುವುದಿಲ್ಲ.

ಕೊನೆಗೆ ಪತ್ತೇದಾರ ತನಗೆ ಗೊತ್ತಿರುವ ದಾರಿ ಹಿಡಿದ.

“ಯಜಮಾನರೇ, ನಿಮ್ಮಜ್ಜ ಏನಾದರೂ ಅಪರಾಧ ಮಾಡಿದ್ದರೇ? ಜೈಲು, ಕೋರ್ಟು?”

“ಶಿವಶಿವಾ! ಭಾಳ ಸಂಭಾವಿತ ಮನಿಷ್ಯಾರೀ ಅಂವ.”

ಪತ್ತೇದಾರ ಹಣೆ ಚಚ್ಚಿಕೊಂಡ. ಅದೇ 1930ರಲ್ಲಿ ಇದೇ ಜಿಲ್ಲೆಯ ಜನ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿ ಜೈಲಿಗೆ ಹೋಗಿದ್ದರು. ಹಿಡಿದವರ ಹೆಸರನ್ನು ಸರ್ಕಾರ ಬರೆದಿಟ್ಟುಕೊಳ್ಳದೆ ಬಿಡುತ್ತದೆಯೇ? ಕಾನೂನು ಮುರಿದವನ ಹೆಸರು ಕಡತದಲ್ಲಿ, ಕಾನೂನಿಗೆ ಅಂಜಿದವನ ಹೆಸರು ಮಣ್ಣಿನಲ್ಲಿ.

“ಅರಣ್ಯದವರು ಒಂದು ಸಲವಾದರೂ ದಂಡ ಹಾಕಿದ್ದರೇ? ಕೋರ್ಟಿನ ಹಾಳೆ ಇದ್ದರೆ ಅದೇ ದೊಡ್ಡ ಸಾಕ್ಷಿ!”

ಮುದುಕ ತಲೆ ಕೆರೆದುಕೊಂಡ. “ದಂಡ ಹಾಕಾಕ ಗಾರ್ಡ್ ಬರತಿದ್ನಂತ್ರಿ. ನಮ್ಮಜ್ಜ ಕೈಮುಗದು ಒಂದು ಹುಂಜ ಕೊಟ್ಟು ಕಳಸ್ತಿದ್ನಂತ. ವರ್ಷಕ್ಕೊಂದು, ಒಂದ್ ವರ್ಷ ತಪ್ಪಿಲ್ಲ.”

“ಅದಕ್ಕೆ ರಸೀದಿ?”

“ಕೋಳಿಗೆ ಯಾರು ರಸೀದಿ ಕೊಡ್ತಾರ್ರಿ!”

ಪ್ರಕರಣದ ಗಂಟು ಇಲ್ಲಿ ಬಿಚ್ಚಿತು. ಅಜ್ಜ ದಂಡ ಕಟ್ಟಿದ್ದರೆ ಮೊಮ್ಮಗ ಇವತ್ತು ಹಕ್ಕುದಾರ. ಕೋಳಿ ಕೊಟ್ಟಿದ್ದರಿಂದ ಅತಿಕ್ರಮಣದಾರ. ಮೂರು ತಲೆಮಾರಿನ ಸಾಕ್ಷ್ಯವನ್ನು ವರ್ಷಕ್ಕೊಂದರಂತೆ ಸಾರು ಮಾಡಿ ಉಂಡವರು ಯಾರೆಂದು ಪತ್ತೇದಾರನಿಗೆ ಗೊತ್ತಾಯಿತು. ಆದರೆ ಎಲುಬೂ ಉಳಿದಿರಲಿಲ್ಲ.

ಹಾಗೆಂದು ಕಾಯ್ದೆ ಕುರುಡಲ್ಲ. ಅದರ ನಿಯಮ 13ನ್ನು ಓದಿ ನಮ್ಮ ಗಡಸು ಮೊಟ್ಟೆಯೂ ಮೆತ್ತಗಾಯಿತು. ಕಾಗದವೊಂದೇ ಸಾಕ್ಷ್ಯವಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ತಾಣ, ಮಟ್ಟ ಮಾಡಿದ ಹೊಲ, ಕಟ್ಟಿದ ಬದು, ವಂಶಾವಳಿ, ಊರ ಹಿರಿಯರ ಹೇಳಿಕೆ ಎಲ್ಲವೂ ನಡೆಯುತ್ತವೆ. ಮುದುಕನ ಹೊಲದಲ್ಲಿ ಬದುವಿದೆ, ಬಾವಿಯಿದೆ, ಮಾವಿನ ಗಿಡದ ಬುಡಕ್ಕೆ ಖುದ್ದು ಅಜ್ಜನೇ ಇದ್ದಾನೆ. ಕಾಯ್ದೆ ಓದಿದವನಿಗೆ ಅವನು ಸಿಕ್ಕ. ಕಚೇರಿಗೆ ಮಾತ್ರ ಇನ್ನೂ ಸಿಕ್ಕಿಲ್ಲ, ಯಾಕೆಂದರೆ ಬಾವಿಗೆ ಮೊಹರಿಲ್ಲ, ಮಾವಿನ ಗಿಡ ಸಹಿ ಹಾಕುವುದಿಲ್ಲ. ಇನ್ನು ಹಿರಿಯರ ಹೇಳಿಕೆ. 1930ನ್ನು ಕಣ್ಣಾರೆ ಕಂಡು ನೆನಪಿಟ್ಟವರಿಗೆ ಈಗ ನೂರರ ಹತ್ತಿರದ ವಯಸ್ಸು. ಅಂಥ ಒಬ್ಬರ ಹೇಳಿಕೆ ಬರೆದುಕೊಳ್ಳಲು ಅರ್ಜಿ ನೋಡುವ ಸಮಿತಿ ದಿನ ಗೊತ್ತು ಮಾಡಿತು, ಮುಂದೂಡಿತು, ಮತ್ತೆ ಗೊತ್ತು ಮಾಡಿತು. ಯಮನಿಗೆ ಮುಂದೂಡುವ ಪದ್ಧತಿ ಇಲ್ಲ.

ನಮ್ಮ ಸಾಕ್ಷ್ಯ ಕಾಯ್ದೆಯಲ್ಲಿ ಇನ್ನೊಂದು ತಮಾಷೆಯಿದೆ. ಮನುಷ್ಯನೊಬ್ಬ ಏಳು ವರ್ಷ ಸುದ್ದಿಯಿಲ್ಲದೆ ಹೋದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಏಳು ವರ್ಷ ಕಾಣದವನನ್ನು ಸತ್ತನೆಂದು ನಂಬಲು ಕಾನೂನು ತಯಾರು. ಎಪ್ಪತ್ತೈದು ವರ್ಷ ಕಣ್ಣೆದುರಿಗೇ ಉತ್ತವನನ್ನು ಇದ್ದನೆಂದು ನಂಬಲು ಕಚೇರಿ ತಯಾರಿಲ್ಲ.

2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು, ಅರಣ್ಯದ ಈ ಕಾಯ್ದೆಯಡಿ ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು ರಾಜ್ಯಗಳಿಗೆ ಹೇಳಿತು. ದೇಶದ ತುಂಬ ಕೂಗೆದ್ದ ಮೇಲೆ 28ರಂದು ತಡೆ ಕೊಟ್ಟಿತು. ಆ ಹದಿನೈದು ದಿನ ಕಾಡಂಚಿನ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದೀತು? ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಗೆ ಇಳಿಯುವ ಆನೆಗಳು ಮಾತ್ರ ನಿಶ್ಚಿಂತ. ಅವುಗಳ ಅಜ್ಜನನ್ನು ಯಾರೂ ಕೇಳುವುದಿಲ್ಲ. ಅವು ತುಳಿದದ್ದಕ್ಕೆ ಪರಿಹಾರ ಕೇಳಿ ಹೋದರೆ ಮುದುಕನಿಗೆ ಮತ್ತದೇ ಪ್ರಶ್ನೆ: ಪಹಣಿ ಎಲ್ಲಿ?

ರಾತ್ರಿ ಪತ್ತೇದಾರ ತನ್ನ ಕುಲಗುರುವನ್ನು ನೆನೆದ. ಅಮೆರಿಕದ ಡ್ಯಾಶಿಯಲ್ ಹ್ಯಾಮೆಟ್, ಸ್ವತಃ ಖಾಸಗಿ ಪತ್ತೇದಾರನಾಗಿ ದುಡಿದ ಮೇಲೆ ಕಾದಂಬರಿಕಾರನಾದವನು. ಅವನ ‘ದಿ ಮಾಲ್ಟೀಸ್ ಫಾಲ್ಕನ್’ ಪುಸ್ತಕವಾಗಿ ಹೊರಬಂದದ್ದು ಸರಿಯಾಗಿ 1930ರಲ್ಲಿ. ಅದರ ನಾಯಕ ಸ್ಯಾಮ್ ಸ್ಪೇಡ್, ಎಂದೂ ಹುಟ್ಟದ, ಎಂದೂ ಉಸಿರಾಡದ ಕಾಗದದ ಮನುಷ್ಯ, 1930ರಲ್ಲಿ ಇದ್ದನೆಂಬುದಕ್ಕೆ ಮುದ್ರಿತ ದಾಖಲೆಯಿದೆ. ಪಾಳಾದಲ್ಲಿ ಅರ್ಜಿ ಹಾಕಿದರೆ ಅವನ ಮೊಮ್ಮಗನಿಗೆ ಎರಡೆಕರೆ ಖಾತ್ರಿ. ಕಲ್ಲು ಕಿತ್ತು, ಬದು ಕಟ್ಟಿ, ಬೆವರು ಸುರಿಸಿದ ಅಜ್ಜನದೇ ಕಲ್ಪಿತ ಪಾತ್ರ. ಅಲ್ಲಿಯ ಕಥೆಯಲ್ಲೂ ಎಲ್ಲರ ಜಗಳ ಒಂದು ಹಕ್ಕಿಗಾಗಿ. ಕೊನೆಗೆ ಕೈಗೆ ಸಿಗುವ ಗಿಡುಗದ ಗೊಂಬೆ ನಕಲಿ. ಇಲ್ಲಿಯ ಕೋಳಿ ಅಸಲಿ.

ಮರುದಿನ ಪತ್ತೇದಾರ ಹೊರಟುನಿಂತ. ಮುದುಕ ಬಸ್ಸಿನ ತನಕ ಬಂದ.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತು. ನೀವು ಪತ್ತೇದಾರ ಅನ್ನೂದಕ್ಕ ಸರ್ಕಾರದ ಕಾಗದ ಐತೇನ್ರಿ?”

ಪತ್ತೇದಾರ ಟೋಪಿ ತೆಗೆದ. ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾಯ್ದೆಯಾಗಲೇ ಇಲ್ಲ. ಬಾಗಿಲು ಕಾಯುವ ಸೆಕ್ಯುರಿಟಿಯವರಿಗೆ 2005ರ ಕಾಯ್ದೆಯಿದೆ. ಬಾಗಿಲ ಹಿಂದೆ ಏನಿದೆ ಎಂದು ಹುಡುಕುವವನಿಗೆ ಏನೂ ಇಲ್ಲ.

“ಇಲ್ಲ,” ಎಂದ.

“ಹಂಗಾರ ನೀವೂ ನಮ್ಮಂಗ ಅತಿಕ್ರಮಣದಾರ್ರ ಆದ್ರಿ!” ಮುದುಕ ಮನಸಾರೆ ನಕ್ಕ. ಆಮೇಲೆ ಸಂಕೋಚದಿಂದ, “ನಿಮ್ಮ ಫೀ ಕೊಡಾಕ ಕೈಯಾಗ ರೊಕ್ಕಿಲ್ರಿ,” ಎನ್ನುತ್ತ ಟವೆಲಿನ ಕೆಳಗಿನಿಂದ ಕಾಲು ಕಟ್ಟಿದ ಹುಂಜವೊಂದನ್ನು ತೆಗೆದು ಪತ್ತೇದಾರನ ಕೈಗಿಟ್ಟ.

ಬಸ್ಸು ಬಂತು. ಪತ್ತೇದಾರ ಹುಂಜವನ್ನು ಕೋಟಿನೊಳಗೆ ಇಟ್ಟುಕೊಂಡು ಹತ್ತಿದ. ರಸೀದಿ ಕೊಡಲಿಲ್ಲ.