ಹೊಟ್ಟು ನುಂಗುವ ಹೊಟ್ಟೆ

ನಿವೃತ್ತರಾದವರು ಸಾಮಾನ್ಯವಾಗಿ ಬೆಳಗಿನ ವಾಕಿಂಗ್ ಹಿಡಿಯುತ್ತಾರೆ, ಇಲ್ಲವೇ ಭಗವದ್ಗೀತೆ ಹಿಡಿಯುತ್ತಾರೆ, ಎರಡೂ ಒಗ್ಗದವರು ಬಡಾವಣೆಯ ಸಂಘದ ಕಾರ್ಯದರ್ಶಿಯಾಗುತ್ತಾರೆ. ಬ್ಯಾಂಕಿನಿಂದ ಹೊರಬಂದ ನಾನು ಉಳಿ ಹಿಡಿದೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಕಾರ್ ಶೆಡ್ಡಿಗೆ ಗರಗಸ, ಡ್ರಿಲ್ಲು, ಸ್ಯಾಂಡರು ಒಂದೊಂದಾಗಿ ಒಕ್ಕಲು ಬಂದವು. ಕಾರು ಬೀದಿಗೆ ಬಿತ್ತು. ಅಲ್ಲಿಂದೀಚೆಗೆ ನಾನು ತಯಾರಿಸಿದ್ದೆಂದರೆ ಸ್ವಲ್ಪ ಓಲಾಡುವ ಒಂದು ಸ್ಟೂಲು, ಬಂಧುಗಳ ಮನೆಗಳಲ್ಲಿ ಮುಜುಗರದಿಂದ ನಿಂತಿರುವ ಕೆಲವು ಮಣೆಗಳು, ಮತ್ತು ಅಪಾರವಾದ ಹೊಟ್ಟು. ತೂಕ ಹಾಕಿ ನೋಡಿದರೆ ಮೂರನೆಯದೇ ನನ್ನ ಮುಖ್ಯ ಉತ್ಪನ್ನ.

ಹೊಟ್ಟು ಶೆಡ್ಡಿನಲ್ಲೇ ಬಿದ್ದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದು ದೇವರ ಮನೆಗೆ ಹೋಗಿ ದೀಪದ ಎಣ್ಣೆಯ ಮೇಲೆ ತೇಲಿತು. ಬೀರುವಿನೊಳಗಿನ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಮಲಗಿತು. ಒಂದು ಬೆಳಗ್ಗೆ ಇಡ್ಲಿ ಹಿಟ್ಟಿನ ಮೇಲೆ ಬಂಗಾರದ ಬಣ್ಣದ ತೆಳು ಪದರ ಕಂಡ ನನ್ನ ಹೆಂಡತಿ, “ಇವತ್ತು ಯಾವ ಮರ ರೀ, ತೇಗವೋ ಹೊನ್ನೆಯೋ?” ಎಂದು ಕೇಳಿದಳು. ದನಿಯಲ್ಲಿ ಸಸ್ಯಶಾಸ್ತ್ರದ ಕುತೂಹಲ ಇರಲಿಲ್ಲ.

ಪೊರಕೆಯಿಂದ ಆಗುವ ಕೆಲಸ ಇದಲ್ಲ. ಕಡ್ಡಿಪೊರಕೆ ಆಡಿಸಿದರೆ ದಪ್ಪ ಹೊಟ್ಟು ವಿಧೇಯವಾಗಿ ಮೂಲೆ ಸೇರುತ್ತದೆ. ನುಣ್ಣನೆಯ ಹುಡಿ ಮೇಲೆದ್ದು, ಗಾಳಿಯಲ್ಲಿ ಗಂಟೆಗಟ್ಟಲೆ ವಿಹರಿಸಿ, ನಾವು ಕೈತೊಳೆದು ಊಟಕ್ಕೆ ಕೂತಾಗ ನಿಧಾನವಾಗಿ ಇಳಿಯುತ್ತದೆ. ನೀರು ಚಿಮುಕಿಸಿ ಗುಡಿಸಿ ಎಂದವರಿದ್ದಾರೆ. ಸಕ್ಕರೆ ಕಾಯಿಲೆಯವರು ಕೊಳ್ಳುವ ಹೊನ್ನೆ ಲೋಟ ಇಡೀ ರಾತ್ರಿಯಲ್ಲಿ ನೀರನ್ನು ಯಾವ ಬಣ್ಣಕ್ಕೆ ತಿರುಗಿಸುತ್ತದೆಂದು ನೋಡಿದವರು, ಒದ್ದೆ ನೆಲದ ಮೇಲೆ ಹೊನ್ನೆಯ ಹುಡಿ ಬಿಟ್ಟುಹೋಗುವ ಕಲೆಯನ್ನೂ ಊಹಿಸಿಕೊಳ್ಳಬಹುದು.

ನನಗೆ ಕೆಲಸ ಕಲಿಸಿಕೊಡುವ ಆಚಾರ್ರಿಗೆ ಮಾತ್ರ ಇದೆಲ್ಲ ಶ್ರೀಮಂತರ ಸೀನು ಎನಿಸಿತು. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಸಾರಿದೆ, ಮೂಗಿನೊಳಗೆ ಅದರ ಮೊದಲ ದಾಳಿ ಎಂದು ನಾನು ವಿವರಿಸಿದೆ. ಆಚಾರ್ರು ಬೀಡಿ ಆರಿಸಿ, “ಸಾರ್, ನಮ್ಮಪ್ಪ ಈ ಹೊಟ್ಟಲ್ಲೇ ಮಲಗಿ ಎದ್ದೋರು. ಎಂಬತ್ತು ದಾಟಿ ಹೋದ್ರು. ಅದೂ ಬಸ್ಸು ಗುದ್ದಿ” ಎಂದರು.

ಅವರ ಅಪ್ಪನ ಕಾಲದ ಹೊಟ್ಟೇ ಬೇರೆ, ಅದನ್ನು ಆಚಾರ್ರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಜ್ಜುಗೊರಡು ಓಡಿದಾಗ ಸುರುಳಿ ಸುರುಳಿಯಾಗಿ ಮರ ಕಳಚಿ ಕಾಲಬುಡಕ್ಕೆ ಬೀಳುತ್ತಿತ್ತು; ಗುಡಿಸಿ ಎತ್ತಿದರೆ ಮುಗಿಯಿತು. ಕೈಗರಗಸದ ಹೊಟ್ಟು ರವೆಯಷ್ಟಾದರೂ ದಪ್ಪ. ಅದಕ್ಕೆ ಗಿರಾಕಿಗಳೂ ಇದ್ದರು. ಐಸು ಮಾರುವವರು ಗಡ್ಡೆಯನ್ನು ಹೊಟ್ಟಿನಲ್ಲಿ ಹೂತಿಡುತ್ತಿದ್ದರು. ನಮ್ಮ ಬಚ್ಚಲಲ್ಲೇ ಹೊಟ್ಟಿನ ಒಲೆ ಇತ್ತು. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಗಟ್ಟಿಯಾಗಿ ಗಿಡಿದು, ಬಾಟಲಿಯನ್ನು ಉಪಾಯವಾಗಿ ಮೇಲೆಳೆಯಬೇಕು. ಎಳೆಯುವಾಗ ಕೈ ಅಲುಗಿದರೆ ಗೋಡೆ ಕುಸಿದು ಅಂದಿನ ಎಣ್ಣೆಸ್ನಾನ ಸೋಮವಾರಕ್ಕೆ ಹೋಗುತ್ತಿತ್ತು. ಮಿಲ್ಲಿನಿಂದ ಮೂಟೆಗಟ್ಟಲೆ ದುಡ್ಡು ಕೊಟ್ಟು ತರುತ್ತಿದ್ದ ವಸ್ತು ಅದು! ಈಗ ಬಚ್ಚಲಲ್ಲಿ ಗೀಸರ್ ಬಂದಿದೆ, ಶೆಡ್ಡಿನಲ್ಲಿ ಪ್ಲೈವುಡ್ಡು, ಎಂಡಿಎಫ್. ಅವುಗಳ ಹುಡಿಯಲ್ಲಿ ಮರದ ಜೊತೆ ಅಂಟೂ ಬೆರೆತಿರುತ್ತದೆ, ಒಲೆಗೂ ಲಾಯಕ್ಕಲ್ಲ. ಸ್ಯಾಂಡರ್ ಉಗುಳುವುದಂತೂ ಪೌಡರ್ ಡಬ್ಬಿಗೆ ತುಂಬಬಹುದಾದಷ್ಟು ನುಣುಪು. ಧೂಳು ಹೀಗೆ ಮುಂದುವರಿದಿದೆ. ಪೊರಕೆ ಮಾತ್ರ ಇದ್ದಲ್ಲೇ ಇದೆ.

ಹೀಗಾಗಿ ಸಂತೆಪೇಟೆಗೆ ಹೋದೆ. ಗಟ್ಟಿಮುಟ್ಟಾದ, ವರ್ಕ್‌ಷಾಪಿಗೆ ತಡೆಯುವ ವ್ಯಾಕ್ಯೂಮ್ ಕ್ಲೀನರ್ ತೋರಿಸಪ್ಪಾ ಎಂದರೆ ಕೌಂಟರಿನ ಹುಡುಗ ಒಂದು ಡಬ್ಬಿಯ ಮೇಲೆ ತಟ್ಟಿ, “ಸಾವಿರದಾರುನೂರು ವ್ಯಾಟ್ ಸಾರ್” ಎಂದ. ಅದಕ್ಕಿಂತ ಗಟ್ಟಿ ಬೇಕೆಂದರೆ ಇನ್ನೊಂದರ ಮೇಲೆ ತಟ್ಟಿ, “ಎರಡು ಸಾವಿರ ವ್ಯಾಟ್” ಎಂದ. ಎಷ್ಟು ವರ್ಷ ಬರುತ್ತೆ ಎಂದು ಕೇಳಿದರೂ ವ್ಯಾಟ್, ಬಿಡಿಭಾಗ ಸಿಗುತ್ತದೆಯೇ ಎಂದರೂ ವ್ಯಾಟ್. ವ್ಯಾಟ್ ಎಂದರೆ ಯಂತ್ರ ಉಣ್ಣುವ ಅನ್ನದ ಲೆಕ್ಕವೇ ಹೊರತು ಅದು ಮಾಡುವ ಗೇಮೆಯದ್ದಲ್ಲ. ಮೂರು ಹೊತ್ತು ಮುದ್ದೆ ಮುರಿದು ಜಗಲಿಯ ಮೇಲೆ ಮಲಗುವ ಅಳಿಯಂದಿರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸಾವಿರ ವ್ಯಾಟಿನ ಗೀಸರ್ ಒಂದು ಚಿಟಿಕೆ ಧೂಳನ್ನೂ ಎತ್ತಲಾರದು.

ಕೇಳಬೇಕಾದ ಅಂಕಿಗಳು ಎರಡು: ಎಷ್ಟು ಬಲವಾಗಿ ಎಳೆಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಸಾಗಿಸುತ್ತದೆ. ಎಳೆತವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಬರೆದಿರುತ್ತಾರೆ. 20 ಎಂದಿದ್ದರೆ, ನಿಲ್ಲಿಸಿದ ಕೊಳವೆಯಲ್ಲಿ ನೀರನ್ನು ಸುಮಾರು ಎರಡು ಮೀಟರ್ ಮೇಲೆಳೆಯುವ ತಾಕತ್ತು. ಆದರೆ ಹೊಟ್ಟು ಹೊರುವುದು ಗಾಳಿ. ಎಳೆತ ಎಷ್ಟಿದ್ದರೇನು, ಪೈಪು ಸಣ್ಣದಾದರೆ ಮರದ ಚೂರೊಂದು ಅಡ್ಡಕೂತು ಎಲ್ಲ ನಿಲ್ಲುತ್ತದೆ. ಹುಡುಗ ನನ್ನ ಮಾತನ್ನೆಲ್ಲ ಗೌರವದಿಂದ ಕೇಳಿ, “ಕಲರ್ ಯಾವುದು ಕೊಡ್ಲಿ ಸಾರ್?” ಎಂದ.

ಮನೆಯ ವ್ಯಾಕ್ಯೂಮು ಶೆಡ್ಡಿನಲ್ಲಿ ಅಲ್ಪಾಯುಷಿಯಾಗುವುದಕ್ಕೆ ಕಾರಣವಿದೆ. ಅನೇಕ ಮಾದರಿಗಳಲ್ಲಿ ಕಸ ಹೊತ್ತು ತಂದ ಗಾಳಿಯೇ ಬಟ್ಟೆಚೀಲದಲ್ಲಿ ಸೋಸಿ ಮೋಟಾರಿನ ಮೈಮೇಲೆ ಹಾದು ಅದನ್ನು ತಣ್ಣಗಿಡಬೇಕು. ಸೋಫಾದ ಧೂಳಿಗೆ ಈ ಏರ್ಪಾಡು ಸಾಕು. ಪುಟ್ಟಿಯ ಪುಡಿಯೋ ಎಂಡಿಎಫ್ ಹುಡಿಯೋ ಬಿತ್ತೆನ್ನಿ, ಚೀಲದ ರಂಧ್ರಗಳು ಮುಚ್ಚಿ ಗಾಳಿ ನಿಲ್ಲುತ್ತದೆ, ಮೋಟಾರು ಕಾದು ಸುಡುತ್ತದೆ. ಒದ್ದೆ-ಒಣ ಎರಡಕ್ಕೂ ಎಂದು ಮಾರುವ, ಡ್ರಮ್ಮಿನ ಆಕಾರದ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೋಟಾರಿಗೆ ತನ್ನದೇ ಬೇರೆ ಗಾಳಿದಾರಿ ಇರುತ್ತದೆ. ಎಳೆದ ಗಾಳಿ ಮೋಟಾರಿನ ಸುರುಳಿಗಳನ್ನು ಮುಟ್ಟುವುದಿಲ್ಲ. ತೊಟ್ಟಿಯಲ್ಲಿ ನೀರು ತುಂಬಿದರೆ ಒಂದು ತೇಲುಬುರುಡೆ ಎದ್ದು ಬಾಯಿ ಮುಚ್ಚುತ್ತದೆ. ಬಾಳಿಕೆಯ ಗುಟ್ಟು ಅರ್ಧಕ್ಕರ್ಧ ಇಲ್ಲೇ ಇದೆ. ಇನ್ನರ್ಧ, ಇಸ್ತ್ರಿಪೆಟ್ಟಿಗೆಯಿಂದ ಮಿಕ್ಸಿವರೆಗೆ ಎಲ್ಲವನ್ನೂ ಬಿಚ್ಚಿ ಹರಡಿಕೊಂಡು ಕೂತಿರುವ ನಮ್ಮ ಸರ್ಕಲ್ಲಿನ ರಿಪೇರಿಯವನ ಕೈಯಲ್ಲಿದೆ. ಅವನು ಡಬ್ಬಿಯ ಮೇಲಿನ ಒಂದಕ್ಷರವನ್ನೂ ಓದದೆ ಕೇಳಿದ ಪ್ರಶ್ನೆ: “ಇದರ ಕಾರ್ಬನ್ ಸಿಗ್ತದಾ?” ಈ ಮೋಟಾರುಗಳೊಳಗೆ ಸದಾ ಉಜ್ಜಿಕೊಂಡು ಸವೆಯುವ ಎರಡು ಕಾರ್ಬನ್ ತುಂಡುಗಳಿರುತ್ತವೆ. ಅವು ಅಂಗಡಿಯಲ್ಲಿ ಸಿಕ್ಕರೆ ಯಂತ್ರ ಮತ್ತೆ ಎದ್ದು ಕೂರುತ್ತದೆ, ಸಿಗದಿದ್ದರೆ ಗುಜರಿ. ವಾರಂಟಿ ಕಾರ್ಡಿಗಿಂತ ಈ ಪ್ರಶ್ನೆ ದೊಡ್ಡದೆಂದು ನನ್ನ ಮತ. ವಾರಂಟಿ ಕಾರ್ಡಿನ ಇರುವೆ ಅಕ್ಷರಗಳಲ್ಲಿ ‘ವೃತ್ತಿಪರ ಬಳಕೆಗೆ ಅನ್ವಯಿಸದು’ ಎಂದಿರುತ್ತದೆ. ನನ್ನ ಸ್ಟೂಲನ್ನು ಕಂಡ ಯಾರೂ ನನ್ನ ಮೇಲೆ ಆ ಆರೋಪ ಹೊರಿಸಲಾರರು, ಆ ಮಾತು ಬೇರೆ.

ಕೊನೆಗೆ ಸ್ಟೀಲ್ ತೊಟ್ಟಿಯ, ದಪ್ಪ ಪೈಪಿನ, ಕಾರ್ಬನ್ ಸಿಗುವ, ನೋಡಲು ಸ್ವಲ್ಪವೂ ಚೆನ್ನಾಗಿಲ್ಲದ ಒಂದು ಯಂತ್ರ ಮನೆಗೆ ಬಂತು. ಅದರ ಮುಂದೆ, ಪೇಂಟಿನ 20 ಲೀಟರ್ ಬಕೆಟ್ಟಿನ ಮುಚ್ಚಳದ ಮೇಲೆ ಆಲಿಕೆಯಾಕಾರದ ಒಂದು ಪ್ಲಾಸ್ಟಿಕ್ ಸೈಕ್ಲೋನ್ ಕೂರಿಸಿದೆ. ಗಾಳಿ ಅದರೊಳಗೆ ಗಿರಗಿರನೆ ಸುತ್ತುವಾಗ ಭಾರದ ಹೊಟ್ಟೆಲ್ಲ ಗೋಡೆಗೆ ಬಡಿದು ಬಕೆಟ್ಟಿಗೆ ಇಳಿಯುತ್ತದೆ, ಫಿಲ್ಟರಿನ ಪಾಲಿಗೆ ಉಳಿಯುವುದು ಚೂರುಪಾರು. ಬಕೆಟ್ಟು ತುಂಬಿದ್ದು ಕಂಡಾಗ ನನಗಾಗುವ ಆನಂದ ಸ್ಟೂಲು ಮುಗಿದಾಗಲೂ ಆಗಿರಲಿಲ್ಲ.

ಯಂತ್ರಕ್ಕೆ ಸಣ್ಣಪುಟ್ಟ ದುರಭ್ಯಾಸಗಳಿವೆ. ಮಾರ್ಚಿನ ಒಣಹವೆಯಲ್ಲಿ ಪ್ಲಾಸ್ಟಿಕ್ ಪೈಪಿನೊಳಗೆ ಹೊಟ್ಟು ಉಜ್ಜಿ ಓಡಿ ಕೈಗೆ ಚುರ್ರೆಂದು ಶಾಕ್ ಕೊಡುತ್ತದೆ. ಪೈಪು ಕಟ್ಟಿಕೊಂಡಾಗ ದನಿ ಏರಿಸಿ ಕಿರುಚುತ್ತದೆ; ಪಾಪ, ಕಷ್ಟಪಡುತ್ತಿದೆ ಎಂದುಕೊಳ್ಳಬೇಡಿ. ಸಾಗಿಸಲು ಗಾಳಿಯಿಲ್ಲದೆ ಹೊರೆ ಇಳಿದು ಮೋಟಾರು ಇನ್ನೂ ವೇಗವಾಗಿ ತಿರುಗುತ್ತಿರುತ್ತದೆ, ಅಷ್ಟೆ. ಕೆಲಸ ಕಡಿಮೆಯಾದಷ್ಟೂ ಸದ್ದು ಹೆಚ್ಚುವ ಈ ಲಕ್ಷಣವನ್ನು ಬ್ಯಾಂಕಿನಲ್ಲಿದ್ದಾಗಲೂ ಕಂಡಿದ್ದೆ. ಆಚಾರ್ರು ಅದನ್ನು ತಮ್ಮ ಗೆಳೆಯನ ವೆಲ್ಡಿಂಗ್ ಶಾಪಿಗೆ ಎರವಲು ಕೇಳಿದಾಗ ಮಾತ್ರ ಕೊಡಲಿಲ್ಲ. ಗ್ರೈಂಡರಿನ ಒಂದು ಕಿಡಿ ಒಳಗಿನ ಹೊಟ್ಟಿಗೆ ಸೇರಿದರೆ ಸದ್ದಿಲ್ಲದೆ ಹೊಗೆಯಾಡಿ, ನಾವು ಮಲಗಿದ ಮೇಲೆ ಹೊತ್ತಿಕೊಳ್ಳುವುದುಂಟು.

ಈ ಯಂತ್ರದ ಮೂಲಪುರುಷ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲಿಷ್ ಎಂಜಿನಿಯರ್. ಧೂಳನ್ನು ಗಾಳಿಯಿಂದ ಊದಿ ಹಾರಿಸುವ ಯಂತ್ರವೊಂದರ ಪ್ರದರ್ಶನವನ್ನು ಲಂಡನ್ನಿನಲ್ಲಿ ನೋಡಿದ ಆತ, ಊದುವ ಬದಲು ಹೀರಬಾರದೇಕೆ ಎಂದು ಕೇಳಿದನಂತೆ. ಆಗದ ಮಾತು ಎಂದರಂತೆ. ಬೂತ್ ಹೋಟೆಲೊಂದರ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಹೀರಿ, ಕೆಮ್ಮಿ, ಬಟ್ಟೆಗೆ ಅಂಟಿದ ಕಪ್ಪನ್ನು ನೋಡಿ ಹಿಗ್ಗಿದ. 1901ರಲ್ಲಿ ಪೇಟೆಂಟು ಪಡೆದ. ಕುದುರೆಗಾಡಿಯ ಮೇಲೆ ಬರುತ್ತಿದ್ದ ಅವನ ಯಂತ್ರ ಬೀದಿಯಲ್ಲೇ ನಿಂತು ಕಿಟಕಿಗಳ ಮೂಲಕ ಪೈಪು ಒಳಬಿಡುತ್ತಿತ್ತು. ಈ ಕಥೆಯನ್ನು ನಾನು ಆಚಾರ್ರಿಗೆ ಭಕ್ತಿಯಿಂದ ಹೇಳುತ್ತಿದ್ದಾಗ ಅವರು ಯಂತ್ರದ ಹಿಂಬದಿಯನ್ನು ತಡವುತ್ತಿದ್ದರು. ಗಾಳಿ ಹೊರಬರುವ ಕಿಂಡಿಯೂ ಪೈಪಿನ ಅಳತೆಯದೇ ಆಗಿರುವುದನ್ನು ಕಂಡುಹಿಡಿದು, ಪೈಪು ಕಿತ್ತು ಅಲ್ಲಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರು.

“ಸಾರ್, ಇದು ಊದ್ತದೆ!”

ಬೂತ್ ಸಾಹೇಬ 1901ರಲ್ಲಿ ಮುಂದಕ್ಕೆ ತಿರುಗಿಸಿದ್ದನ್ನು ಆಚಾರ್ರು ಒಂದೇ ಏಟಿಗೆ ಹಿಂದಕ್ಕೆ ತಿರುಗಿಸಿದರು. ತೊಲೆಯ ಮೇಲಿನ, ಹಲಗೆಗಳ ಸಂದಿನ, ಬೆಂಚಿನಡಿಯ ಹುಡಿಯೆಲ್ಲ ಎದ್ದು, ಶೆಡ್ಡಿನ ಬಾಗಿಲಿನಿಂದ ಹೊರಟು ಕಾಂಪೌಂಡ್ ದಾಟಿತು. ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರ ಅಂಗಳದಲ್ಲಿ ಪಂಚೆ ಹಾಸಿ ಸಂಡಿಗೆ ಒಣಗಹಾಕಿದ್ದರು. ಐದು ನಿಮಿಷದಲ್ಲಿ ತಹಶೀಲ್ದಾರರು ನಮ್ಮ ಗೇಟಿನಲ್ಲಿ ನಿಂತಿದ್ದರು. ಹುಬ್ಬಿನ ಮೇಲೆ ತೇಗ, ಮೀಸೆಯ ಮೇಲೆ ಹೊನ್ನೆ. ನಾನು ಕೈಮುಗಿಯಲು ಎದ್ದೆ. ಅವರು ನನ್ನನ್ನು ದಾಟಿ ಒಳಗೆ ಬಂದು, ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೊಟ್ಟಿಯನ್ನು ಬೆರಳಿನಿಂದ ಟಣ್ಣೆಂದು ಬಾರಿಸಿ ಕೇಳಿದರು:

“ಎಷ್ಟು ವ್ಯಾಟ್ರೀ ಇದು?”