ಜೀರ್ಣಜೀಪೋದ್ಧಾರ ಮೀಮಾಂಸೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಇಂದಿಗೂ ಓಡುತ್ತಿರುವ, ಅಥವಾ ಓಡುತ್ತಿವೆಯೆಂದು ಮಾಲೀಕರು ದೃಢವಾಗಿ ನಂಬಿರುವ, ಹಳೆಯ ಜೀಪುಗಳ ಮನೆಮದ್ದಿನ ರಿಪೇರಿಯನ್ನು ಶಾಸ್ತ್ರೀಯವಾಗಿ ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಯಾವ ವಾಹನದ ವಯಸ್ಸನ್ನು ಕೇಳಿದರೆ ಮಾಲೀಕನು ಇಸವಿಯನ್ನು ಹೇಳದೆ ‘ಅಪ್ಪಯ್ಯನ ಕಾಲದ್ದು’ ಎನ್ನುವನೋ ಅದಕ್ಕೆ ಇಲ್ಲಿ ‘ಜೀರ್ಣಜೀಪು’ ಎಂದು ಹೆಸರು. ವಾಹನವನ್ನು ಮುಂದಿನ ರಿಪೇರಿಯವರೆಗೆ ತಲುಪಿಸುವ ಕ್ರಿಯೆಯೇ ‘ರಿಪೇರಿ’. ಆ ಕ್ರಿಯೆಯನ್ನು ಪೇಟೆಯ ಗ್ಯಾರೇಜಿಗೆ ಹೋಗದೆ, ತೋಟದ ಶೆಡ್ಡಿನಲ್ಲಿ, ಅಡುಗೆಮನೆಯಿಂದ ಕೇಳದೆ ತಂದ ಸಾಮಗ್ರಿಯಿಂದ ನೆರವೇರಿಸಿದಾಗ ಅದು ‘ಮನೆಮದ್ದು’ ಎನಿಸಿಕೊಳ್ಳುತ್ತದೆ.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮುಂಬಯಿಯ ಮಹೀಂದ್ರ ಕಂಪನಿಯು 1940ರ ದಶಕದ ಕೊನೆಯಲ್ಲಿ ಬಿಡಿಭಾಗ ತರಿಸಿ ಜೋಡಿಸತೊಡಗಿತೆಂಬುದು ಎಲ್ಲರಿಗೂ ತಿಳಿದ ಇತಿಹಾಸ. 2,199 ಸಿಸಿಯ, ನಾಲ್ಕು ಸಿಲಿಂಡರಿನ, 60 ಅಶ್ವಶಕ್ತಿಯ ಎಂಜಿನ್ ಹೊತ್ತು ಯುದ್ಧಭೂಮಿಯಲ್ಲಿ ಹೆಸರು ಮಾಡಿದ ಗಾಡಿಯೊಂದು ಶಾಂತಿಯ ಕಾಲದಲ್ಲಿ ಮಲೆನಾಡಿಗೆ ಬಂದದ್ದೇಕೆಂದು ಬಯಲುಸೀಮೆಯ ವಿದ್ವಾಂಸರು ಪ್ರಶ್ನಿಸುವುದುಂಟು. ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದಿಂದ ಬಾಳೂರಿನ ಮೇಲೆ ಕಳಸಕ್ಕೆ ಹೋದವರು ಯಾರೂ ಪ್ರಶ್ನಿಸಿದ್ದಿಲ್ಲ. ಕಾಲಕ್ರಮೇಣ ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಡೀಸೆಲ್ ಎಂಜಿನ್ ಬಂದು, ಗೇರ್‌ಬಾಕ್ಸು ಇನ್ನೊಂದು ಜೀಪಿನಿಂದ ಬಂದು, ಬಾಡಿಯನ್ನು ಊರಿನ ವೆಲ್ಡಿಂಗ್ ಶಾಪಿನಲ್ಲಿ ಹೊಸದಾಗಿ ಕಟ್ಟಿಸಿದ ಮೇಲೂ ಅದೇ ಜೀಪು ಎನ್ನಬಹುದೇ ಎಂಬ ತಾತ್ತ್ವಿಕ ತೊಡಕೊಂದು ಇಲ್ಲಿ ಏಳುತ್ತದೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಭಿಕ್ಷು ನಾಗಸೇನನು ಮಿಲಿಂದ ಮಹಾರಾಜನನ್ನು ಕೇಳಿದ್ದು ಇಂಥದೇ ಪ್ರಶ್ನೆ. ಆ ಕಾಲಕ್ಕೆ ಆರ್‌ಸಿ ಪುಸ್ತಕವೂ ಅದರಲ್ಲಿ ಬರೆದ ಚಾಸಿ ನಂಬರೂ ಇದ್ದಿದ್ದರೆ ಸಂವಾದವು ಒಂದೇ ಪುಟದಲ್ಲಿ ಮುಗಿಯುತ್ತಿತ್ತು.

ಈ ಶಾಸ್ತ್ರದ ಆಧಾರವಾಗಿರುವ ಸಿದ್ಧಾಂತವನ್ನು ‘ಕಾಲಾಭಾವ ಪ್ರಮೇಯ’ ಎಂದು ಕರೆಯಬಹುದು. ಕಾಫಿ ಸೀಮೆಯ ವರ್ಷದಲ್ಲಿ ಜೀಪನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡಲು ಅನುಕೂಲವಾದ ತಿಂಗಳು ಇಲ್ಲ ಎಂಬುದೇ ಆ ಪ್ರಮೇಯ. ಅದರ ಸಾಧನೆ ಹೀಗಿದೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಿ ಕುಯ್ಲು ಹಿಡಿದರೆ ಅದರ ಬೆನ್ನಿಗೇ ರೊಬಸ್ಟಾ ಬಂದು, ಫೆಬ್ರವರಿ ಕಳೆಯುವವರೆಗೂ ಜೀಪು ಹಣ್ಣಿನ ಚೀಲ ಹೊರಬೇಕಾಗಿರುವುದರಿಂದ ಅದನ್ನು ಮುಟ್ಟುವಂತಿಲ್ಲ. ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪುಗಳನ್ನು ಸಾಗಿಸಬೇಕು, ಬಂದರೆ ಎಷ್ಟು ಸೆಂಟ್ಸು ಬಂತೆಂದು ನೆರೆಯ ತೋಟಗಳಿಗೆ ಹೋಗಿ ವಿಚಾರಿಸಬೇಕು. ಎರಡಕ್ಕೂ ಜೀಪು ಬೇಕು. ಮಳೆಗಾಲಕ್ಕೆ ಮುಂಚೆ ಮರಗಸಿ ಮತ್ತು ಬೋರ್ಡೋ ಸಿಂಪಡಣೆ ನಡೆಯುತ್ತವೆ. ಆರಿದ್ರಾ ಮಳೆ ಹಿಡಿದು ಪುನರ್ವಸು, ಪುಷ್ಯ, ಆಶ್ಲೇಷಗಳು ಒಂದರ ಹಿಂದೊಂದು ಬಂದಾಗ ಜೀಪಿಗೆ ಬಿಡುವಿರುತ್ತದಾದರೂ ಮೆಕ್ಯಾನಿಕ್ಕು ಬರಲು ದಾರಿಯಿರುವುದಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಹಾಕಿಸಿದ ಬೇರಿಂಗು ಯಾವುದೋ ಡಿಪೋದಲ್ಲಿ ನೆನೆಯುತ್ತಿರುತ್ತದೆ. ಮಳೆ ಬಿಟ್ಟ ಮೇಲೆ ಕಳೆ, ಗೊಬ್ಬರ, ಎರಡನೆಯ ಸಿಂಪಡಣೆ. ಅಷ್ಟರಲ್ಲಿ ಹಣ್ಣು ಕೆಂಪಾಗುತ್ತದೆ. ‘ಈ ಸಲ ಕುಯ್ಲು ಮುಗೀಲಿ’ ಎಂಬ ಮಾಲೀಕನ ಮಾತನ್ನು ಸೋಮಾರಿತನವೆಂದು ಟೀಕಿಸುವವರು ಈ ಸಾಧನೆಯನ್ನು ಓದಿಲ್ಲ. ಪೂರ್ಣ ರಿಪೇರಿಗೆ ಕಾಲವೇ ಇಲ್ಲದಿರುವಾಗ ಇರುವುದೆಲ್ಲ ತಾತ್ಕಾಲಿಕ ರಿಪೇರಿಯೇ ಎಂದೂ, ತಾತ್ಕಾಲಿಕವಾಗಿ ಕಟ್ಟಿದ ಕಂಬಿಯೊಂದು ಇಪ್ಪತ್ತು ವರ್ಷ ಬಾಳಿದರೆ ಅದಕ್ಕೆ ಬೇರೆ ಹೆಸರಿಡುವ ಅಧಿಕಾರ ಯಾರಿಗೂ ಇಲ್ಲವೆಂದೂ ಇದರಿಂದ ಸಿದ್ಧವಾಗುತ್ತದೆ.

ಮೇಲೆ ಹೇಳಿದ ಬೋರ್ಡೋ ದ್ರಾವಣವು ಈ ಶಾಸ್ತ್ರದಲ್ಲಿ ಪ್ರತ್ಯೇಕ ಗಮನಕ್ಕೆ ಅರ್ಹವಾದ ವಸ್ತು. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆಬೇರೆಯಾಗಿ ಕದಡಿ ಬೆರೆಸಿ ಮಾಡುವ ಈ ಔಷಧದಲ್ಲಿ ಸುಣ್ಣ ಸಾಲದಿದ್ದರೆ, ಅದರಲ್ಲಿ ಅದ್ದಿದ ಚಾಕುವಿನ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಕಬ್ಬಿಣವನ್ನು ತಿಂದು ತಾಮ್ರ ಬಿಡುವ ಗುಣ ಮೈಲುತುತ್ತಕ್ಕೆ ಇರುವುದರಿಂದಲೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂಬ ನಿಯಮವಿದೆ. ಡ್ರಮ್ಮುಗಳನ್ನು ಜೀಪಿನ ಹಿಂದೆ ಹೇರಿ ತುಳುಕಿಸಿಕೊಂಡು ಹೋಗುವ ತೋಟಗಳಲ್ಲಿ ಚಾಕುವಿನ ಪರೀಕ್ಷೆಯನ್ನು ಜೀಪಿನ ನೆಲವೇ ಮಾಡಿ ಮುಗಿಸುತ್ತದೆ. ಕಾಲಾಂತರದಲ್ಲಿ ಅಲ್ಲಿ ಬೀಳುವ ತೂತುಗಳಿಂದ ಮಳೆಯ ನೀರು ತಾನಾಗಿ ಹರಿದುಹೋಗುತ್ತದೆಂಬ ಕಾರಣಕ್ಕೆ ಅವುಗಳನ್ನು ಮುಚ್ಚಬಾರದೆಂದು ಒಂದು ಪಂಥ, ಗೋಣಿಚೀಲ ಹಾಸಿದರೆ ಸಾಕೆಂದು ಇನ್ನೊಂದು.

ರೋಗನಿದಾನಕ್ಕೆ ನೈಯಾಯಿಕರು ಹೇಳುವ ನಾಲ್ಕು ಪ್ರಮಾಣಗಳೇ ಸಾಕು. ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಕಾಣುವ ಎಣ್ಣೆಯ ಮಡು ಪ್ರತ್ಯಕ್ಷ ಪ್ರಮಾಣ. ಮಡು ಇಲ್ಲದಿದ್ದರೆ ಎಣ್ಣೆಯೇ ಮುಗಿದಿದೆಯೆಂದು ತಿಳಿಯತಕ್ಕದ್ದು. ಪರ್ವತದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವ ಅನುಮಾನ ಪ್ರಮಾಣವು ಚಾರ್ಮಾಡಿ ಘಾಟಿಯಲ್ಲಿ ಮತ್ತಷ್ಟು ಸೂಕ್ಷ್ಮವಾಗುತ್ತದೆ: ಹೊಗೆ ನೀಲಿಯಾಗಿದ್ದರೆ ಪಿಸ್ಟನ್ ರಿಂಗು ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆಯೆಂದೂ, ಕಪ್ಪಾಗಿದ್ದರೆ ಏರ್ ಫಿಲ್ಟರ್ ಕಟ್ಟಿಯೋ ಪಂಪು ಕೆಟ್ಟೋ ಡೀಸೆಲ್ ಹೆಚ್ಚಾಗಿದೆಯೆಂದೂ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಸೇರುತ್ತಿರಬಹುದೆಂದೂ ಊಹಿಸಬೇಕು. ‘ಪಕ್ಕದ ತೋಟದವರ ಜೀಪಿಗೂ ಹಿಂಗೇ ಆಗಿತ್ತಲ್ಲ ಮಾರಾಯ’ ಎಂಬುದು ಉಪಮಾನ. ಕೊನೆಯದಾದ ಶಬ್ದಪ್ರಮಾಣವು ನೈಯಾಯಿಕರಿಗೆ ಆಪ್ತರ ಮಾತಾದರೆ, ಇಲ್ಲಿ ಹಿಂದಿನ ಆಕ್ಸಲ್ಲಿನಿಂದ ಬರುವ ಕಟಕಟ.

ಮಳೆಗಾಲದ ಮುಖ್ಯ ವ್ಯಾಧಿ ಪೆಟ್ರೋಲ್ ಜೀಪುಗಳಿಗೆ ಬರುವ ಕಿಡಿಮಾಂದ್ಯ. ಕಾಯ್ಲಿನಿಂದ ಬಂದ ವಿದ್ಯುತ್ತನ್ನು ನಾಲ್ಕು ಪ್ಲಗ್ಗುಗಳಿಗೆ 1–3–4–2ರ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ, ಕಿಡಿಯು ಪ್ಲಗ್ಗಿಗೆ ಹೋಗುವ ಬದಲು ತೇವದ ದಾರಿ ಹಿಡಿದು ಸೋರಿಹೋಗುತ್ತದೆ. ಚಿಕಿತ್ಸೆ ಸರಳ: ಮುಚ್ಚಳವನ್ನು ಬಿಚ್ಚಿ, ಒರೆಸಿ, ಬಚ್ಚಲೊಲೆಯ ದಂಡೆಯ ಮೇಲೆ ಹದವಾಗಿ ಬೆಚ್ಚಗಾಗಲು ಇಟ್ಟು, ಪಾಯಿಂಟುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಮುಚ್ಚಳವನ್ನು ಬಿಸಿಯಾರುವ ಮೊದಲೇ ಕೂರಿಸುವುದು. ತಂತಿಗಳನ್ನು ಬಿಚ್ಚುವ ಮುನ್ನ ಯಾವುದು ಎಲ್ಲಿತ್ತೆಂದು ಗುರುತು ಮಾಡಿಕೊಳ್ಳದವನು ಅಂದು ಸಂಜೆಯವರೆಗೆ ಕ್ರಮಸಂಯೋಜನೆಯ ಗಣಿತವನ್ನು ಅಭ್ಯಾಸ ಮಾಡುತ್ತಾನೆ. ನಾಲ್ಕು ತಂತಿಗಳನ್ನು ಜೋಡಿಸಲು 24 ಬಗೆಗಳಿದ್ದು ಅವುಗಳಲ್ಲಿ ಒಂದೇ ಸರಿ. ಈ ಚಿಕಿತ್ಸೆಯ ವೇಳೆ ಇಂಬಳಗಳು ವೈದ್ಯನ ಕಾಲು ಹತ್ತುವುದು ಸಹಜವಾಗಿರುವುದರಿಂದ ಸುಣ್ಣ ಮತ್ತು ಹೊಗೆಸೊಪ್ಪನ್ನು ಟೂಲ್ಸ್ ಪೆಟ್ಟಿಗೆಯಲ್ಲೇ ಇಡತಕ್ಕದ್ದು.

ಬೇಸಿಗೆಯ ವ್ಯಾಧಿಗಳಲ್ಲಿ ಅತ್ಯಂತ ನಿಗೂಢವಾದದ್ದು ಕುಂಬಾರ ಹುಳದ ಬಾಧೆ. ಟ್ಯಾಂಕಿನ ಇಂಧನ ಇಳಿದಂತೆ ಆ ಜಾಗಕ್ಕೆ ಗಾಳಿ ಸೇರಲೆಂದು ಇರುವ ಸಣ್ಣ ತೂತಿಗೆ ಈ ಹುಳವು ಮಣ್ಣು ಮೆತ್ತಿದರೆ, ಒಳಗೆ ನಿರ್ವಾತ ಬೆಳೆದು ಪಂಪು ಸೋತು, ಜೀಪು ಹೊರಟ ಸ್ವಲ್ಪ ದೂರಕ್ಕೆ ನಿಂತುಬಿಡುತ್ತದೆ. ಮಾಲೀಕನು ಇಳಿದು, ಪೆಟ್ರೋಲ್ ಇದೆಯೇ ಎಂದು ನೋಡಲು ಮುಚ್ಚಳ ತೆಗೆದೊಡನೆ ಸುಯ್ಯೆಂದು ಗಾಳಿ ಒಳಹೊಕ್ಕು, ಜೀಪು ಮತ್ತೆ ಹೊರಡುತ್ತದೆ. ಹೀಗೆ ದಾರಿಯುದ್ದಕ್ಕೂ ನಡೆಯುವುದರಿಂದ ‘ಮುಚ್ಚಳ ತೆಗೆದು ಮಾತಾಡಿಸಿದರೆ ಹೊರಡ್ತದೆ’ ಎಂಬ ನಂಬಿಕೆ ಬೆಳೆದು, ಮಗನಿಗೆ ತೋಟದ ಜೊತೆ ಅದೂ ಪಿತ್ರಾರ್ಜಿತವಾಗಿ ಬರುತ್ತದೆ. ಒಂದು ಗುಂಡುಸೂಜಿಯಿಂದ ತೀರುವ ಸಮಸ್ಯೆ ಇದು. ಆದರೆ ತೀರಿಸಿದ ಮೇಲೆ ಮಾತಾಡಿಸುವುದನ್ನು ನಿಲ್ಲಿಸಿದವರು ಕಡಿಮೆ.

ಚಾಲೂ ಮಾಡುವ ಪ್ರಕರಣದಲ್ಲಿ ಹ್ಯಾಂಡಲ್ ವಿಧಿ ಮತ್ತು ಇಳಿಜಾರು ವಿಧಿ ಎಂದು ಎರಡು ಸಂಪ್ರದಾಯಗಳಿವೆ. ಮೊದಲನೆಯದರಲ್ಲಿ ಕಬ್ಬಿಣದ ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಒತ್ತಬಾರದು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಏಕೆಂದರೆ ಕಿಡಿ ಅವಸರಪಟ್ಟರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ ಮತ್ತು ಹ್ಯಾಂಡಲನ್ನು ಸುತ್ತುವರಿದ ಹೆಬ್ಬೆರಳು ಆಗ ಮಾಲೀಕನದಾಗಿ ಉಳಿಯುವುದಿಲ್ಲ. ಎರಡನೆಯದರಲ್ಲಿ ಹ್ಯಾಂಡಲೇ ಬೇಡ: ಗಾಡಿಯನ್ನು ರಾತ್ರಿ ಇಳಿಜಾರಿನ ತಲೆಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಬಿಟ್ಟು, ಎರಡನೆಯ ಗೇರಿನಲ್ಲಿ ಕ್ಲಚ್ ಬಿಡುವುದು. ತೋಟದ ಬಂಗಲೆಗಳು ಗುಡ್ಡದ ನೆತ್ತಿಯಲ್ಲಿರುವುದಕ್ಕೆ ಗಾಳಿ, ಬೆಳಕು, ಆಳುಗಳ ಮೇಲಿನ ಕಣ್ಣು ಎಂಬ ಕಾರಣಗಳನ್ನು ಇತಿಹಾಸಕಾರರು ಕೊಟ್ಟಿದ್ದಾರೆ. ಬಂಗಲೆಗಳು ಜೀಪಿಗಿಂತ ಹಳೆಯವೆಂಬ ಸಣ್ಣ ಅಡ್ಡಿಯನ್ನು ಬಿಟ್ಟರೆ ನಿಜವಾದ ಕಾರಣ ಇಳಿಜಾರು ವಿಧಿಯೇ ಎಂದು ತೋರುತ್ತದೆ.

ಹತ್ತಿದ್ದು ನಿಲ್ಲಲೂಬೇಕು. ಹಳ್ಳ ದಾಟಿದ ಜೀಪಿನ ಡ್ರಮ್ ಬ್ರೇಕುಗಳಲ್ಲಿ ನೀರು ತುಂಬಿ ಹಿಡಿತ ತಪ್ಪುವುದರಿಂದ, ದಾಟಿದ ಮೇಲೆ ಮೆಲ್ಲಗೆ ಓಡಿಸುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಬೇಕು. ಘಾಟಿ ಇಳಿಯುವಾಗ, ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಹ್ಯಾಂಡ್‌ಬ್ರೇಕು ಎಂಬುದು ಕೇವಲ ಪಾರಿಭಾಷಿಕ ಪದ. ಅದರ ಕೆಲಸವನ್ನು ಮಾಡುವುದು ಕಲ್ಲು, ಮತ್ತು ‘ಕಲ್ಲು ಕೊಡೋ’ ಎಂದು ಕೂಗಿದೊಡನೆ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಅದನ್ನು ಕೊಡುವ ಹುಡುಗ. ಒಳ್ಳೆಯ ಕಲ್ಲನ್ನು ತೋಟದಿಂದ ತೋಟಕ್ಕೆ ಎರವಲು ಕೊಡುವ ಪದ್ಧತಿಯಿಲ್ಲ.

ಔಷಧಕೋಶದಲ್ಲಿ ಬೈಂಡಿಂಗ್ ವೈರು, ಸೈಕಲ್ ಟ್ಯೂಬಿನ ಪಟ್ಟಿ, ಎಂ-ಸೀಲ್, ಸೋರುವ ರೇಡಿಯೇಟರಿಗೆ ಅರಿಸಿನಪುಡಿ, ಸೋರುವ ಟ್ಯಾಂಕಿಗೆ ಬಟ್ಟೆ ತೊಳೆಯುವ ಬಾರ್ ಸೋಪು ಇವಿಷ್ಟಿದ್ದರೆ ಸಾಕು. ಸೋಪು ಪೆಟ್ರೋಲಿನಲ್ಲಿ ಕರಗದೆಂಬುದು ರಸಾಯನಶಾಸ್ತ್ರ, ಅರಿಸಿನ ಪೇಟೆ ಮುಟ್ಟುವವರೆಗೆ ತಡೆಯುತ್ತದೆಂಬುದು ಭಕ್ತಿ. ವಿಲ್ಲಿಸ್ ವಂಶದ ನಟ್ಟುಗಳು ಇಂಚಿನವು, ಮನೆಯಲ್ಲಿರುವ ಸ್ಪ್ಯಾನರುಗಳು ಮಿಲಿಮೀಟರಿನವು. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಹಾಕಿದಾಗ ಉಳಿಯುವ 0.3 ಮಿಲಿಮೀಟರ್ ಅಂತರದಲ್ಲಿ ಈ ಸೀಮೆಯ ಎಷ್ಟೋ ಬೆರಳುಗಂಟುಗಳ ಚರ್ಮ ಹೋಗಿದೆ.

ಹೊಸ ಗಾಡಿ ಕೊಳ್ಳಬಾರದೇ ಎಂಬ ಪೂರ್ವಪಕ್ಷಕ್ಕೆ ಉತ್ತರ ಹೀಗೆ: ಹೊಸ ಗಾಡಿ ಕೊಂಡಿದ್ದಾರೆ. ಅದು ಬೆಂಗಳೂರಿನ ಮದುವೆಗಳಿಗೆ ಹೋಗುತ್ತದೆ.

ಕೊನೆಯದು ಪರೀಕ್ಷಾ ಪ್ರಕರಣ. ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ವಾಹನವನ್ನು ಐದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಗೆ ಒಯ್ದು, ಅದು ರಸ್ತೆಗೆ ಯೋಗ್ಯವೆಂದು ಕಾಗದ ಪಡೆದು, ಹಸಿರು ತೆರಿಗೆ ಕಟ್ಟಿ ನೋಂದಣಿಯನ್ನು ನವೀಕರಿಸಬೇಕು. ಆ ದಿನ ಎರಡೂ ಹೆಡ್‌ಲೈಟು, ನಾಲ್ಕೂ ಇಂಡಿಕೇಟರು, ವೈಪರು, ಹಾರನ್ನು ಏಕಕಾಲಕ್ಕೆ ಕೆಲಸ ಮಾಡಬೇಕೆಂಬುದು ನಿಯಮ. ಇವೆಲ್ಲ ಒಂದೇ ಜೀಪಿನಲ್ಲಿ ಕೂಡಿಬರುವುದು ಗ್ರಹಣದಷ್ಟೇ ಅಪರೂಪ. ಆದ್ದರಿಂದ ಮೂಡಿಗೆರೆಯ ಜೀಪಿಗೆ ಬಾಳೂರಿನಿಂದ ಇಂಡಿಕೇಟರ್ ಬಂದು, ವೈಪರಿನ ಮೋಟಾರು ಚಿಕ್ಕಮಗಳೂರಿನ ಭಾವನ ಜೀಪಿನಿಂದ ಇಳಿದು, ಬ್ಯಾಟರಿ ಟ್ರ್ಯಾಕ್ಟರಿನದಾಗಿ, ಕಾಗದ ಕೈಗೆ ಬಂದ ಸಂಜೆಯೇ ಎಲ್ಲವೂ ಬಿಚ್ಚಲ್ಪಟ್ಟು ಅವರವರ ಮನೆಗೆ ಹಿಂತಿರುಗುತ್ತವೆ. ಹಾರನ್ನು ಮಾತ್ರ ಹಿಂತಿರುಗುವುದಿಲ್ಲ. ಬರುವ ಗುರುವಾರ ಅದು ಕಳಸದ ಜೀಪಿಗೆ ಬೇಕು.