ಅಳಿಲು ಕಚ್ಚಿದ ಮೇಲೆ

ಹಾವು ಕಚ್ಚಿದವನಿಗೆ ಊರಲ್ಲಿ ಒಂದು ಗೌರವವುಂಟು. ನಾಯಿ ಕಚ್ಚಿದವನಿಗೆ ಕನಿಕರವಾದರೂ ಸಿಗುತ್ತದೆ. ಅಳಿಲು ಕಚ್ಚಿತು ಅಂತ ಹೇಳಿ ನೋಡಿ, ಮೊದಲು ನಗುತ್ತಾರೆ, ನಕ್ಕು ಮುಗಿದ ಮೇಲೆ ಹೆದರಿಸುತ್ತಾರೆ.

ಸಪೋಟ ಮರಕ್ಕೆ ಹೊದಿಸಿದ್ದ ಬಲೆಯಲ್ಲಿ ಸಿಕ್ಕಿಕೊಂಡು ಚೀರುತ್ತಿತ್ತು, ಬಿಡಿಸಲು ಹೋದೆ. ಶ್ರೀರಾಮ ಬೆನ್ನು ಸವರಿದಾಗ ಸುಮ್ಮನಿದ್ದ ವಂಶದ್ದೇ ತಾನೆ ಎಂಬ ಧೈರ್ಯ. ರಾಮನಿಗೂ ನನಗೂ ಇರುವ ಅಂತರ ಅದಕ್ಕೆ ಮುಟ್ಟಿದ ಕೂಡಲೇ ತಿಳಿಯಿತು. ತೋರುಬೆರಳಲ್ಲಿ ಎರಡು ಚುಕ್ಕೆ, ಒಂದು ತೊಟ್ಟು ರಕ್ತ. ಅಳಿಲು ತೆಂಗಿನಮರ ಹತ್ತಿ, ಬಾಲ ಕುಣಿಸುತ್ತ ಅಲ್ಲಿಂದಲೇ ನನ್ನನ್ನು ಬೈಯತೊಡಗಿತು.

"ರೀ, ರೇಬಿಸ್ ಗೀಬಿಸ್ ಬಂದ್ರೆ?" ಅಂದ ಮನೆಯಾಕೆ ನನ್ನನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಬಟ್ಟೆ ಸೋಪು ಕೈಗೆ ಕೊಟ್ಟು, ಗಡಿಯಾರ ನೋಡುತ್ತ 15 ನಿಮಿಷ ತೊಳೆಸಿದಳು. ಅಷ್ಟರಲ್ಲಿ ಪಕ್ಕದ ಮನೆ ಅಜ್ಜ ಜಗಲಿ ಏರಿ ಆಗಿತ್ತು. "ಸೋಪಿನಿಂದ ಏನಾಗ್ತದೆ ಮಾರಾಯ, ಸುಣ್ಣ ಹಚ್ಚು." ಅವರಿಗೆ ಹುಚ್ಚುನಾಯಿ ಅಂದರೆ ಹೊಕ್ಕಳೇ ನೆನಪಾಗುವುದು, ಬಾಲ್ಯದಲ್ಲಿ ಅದರ ಸುತ್ತ 14 ಇಂಜೆಕ್ಷನ್ ಚುಚ್ಚಿಸಿಕೊಂಡವರು. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ಮೂಲೆ ಸೇರಿದೆ, ಈಗ ತೋಳಿಗೆ ಕೊಡುತ್ತಾರೆ ಅಂದರೂ ಅಜ್ಜ ಒಪ್ಪಲಿಲ್ಲ. ಅಂಗಿ ಎತ್ತಿ ಜಾಗ ತೋರಿಸಿಯೇ ಬಿಟ್ಟರು.

ರೇಬಿಸ್ ಬಂದವರು ನೀರಿಗೆ ಹೆದರುತ್ತಾರಲ್ಲ, ಆ ರಾತ್ರಿ ನನ್ನ ಪರೀಕ್ಷೆ ನಾನೇ ಶುರುಮಾಡಿದೆ. ಗಂಟೆಗೊಂದು ಲೋಟ ನೀರು. ಭಯವಾಗಲಿಲ್ಲ, ಬಚ್ಚಲಿಗೆ ಓಡಾಡಿ ನಿದ್ದೆ ಕೆಟ್ಟಿತು, ಅಷ್ಟೆ. ಆ ವೈರಾಣು ನರದ ದಾರಿ ಹಿಡಿದು ಘಾಟಿ ಹತ್ತುವ ಹಳೆ ಲಾರಿಯಂತೆ ಸಾಗುವಂಥದ್ದು, ಮೆದುಳು ಮುಟ್ಟಲು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಬೇಕು ಎಂದು ಗೊತ್ತಾದದ್ದು ಮರುದಿನ, ಡಾಕ್ಟರ ಬಾಯಿಂದ.

ಡಾಕ್ಟರು ನಗಲಿಲ್ಲ. ತಾನಾಗಿ ಮೈಮೇಲೆ ಬಿತ್ತೋ, ಹಿಡಿದಾಗ ಕಚ್ಚಿತೋ ಎಂದು ವಿಚಾರಿಸಿದರು. ಅಳಿಲು, ಮನೆಯಿಲಿಗಳಿಂದ ರೇಬಿಸ್ ತೀರಾ ಅಪರೂಪ, ಲಸಿಕೆ ಬೇಕಾಗುವುದೂ ಅಪರೂಪ. "ಹುಚ್ಚುನಾಯಿ ಬಾಯಿಗೆ ಸಿಕ್ಕಿದ ಅಳಿಲು ಬದುಕಿ ಬಂದು ನಿಮ್ಮನ್ನು ಕಚ್ಚಬೇಕಲ್ಲ!" ನಾಯಿ, ಬೆಕ್ಕು, ಮಂಗ, ಮುಂಗುಸಿ, ನರಿ ಆಗಿದ್ದರೆ ಮಾತ್ರ ಒಂದು ರಾತ್ರಿಯೂ ಕಾಯಬಾರದಿತ್ತು ಎಂದು ಗದರಿದರು. ಟಿಟಿ ಚುಚ್ಚಿಸಿಕೊಂಡು ಏಳುವಾಗ ಅವರ ದೃಷ್ಟಿ ನನ್ನ ಕಾಲಿಗೆ ಬಿತ್ತು. ಒಡೆದ ಹಿಮ್ಮಡಿ, ಬಿರುಕಿನಲ್ಲಿ ತೋಟದ ಕೆಸರು.

"ಮಳೆಗಾಲದಲ್ಲೂ ಬರಿಗಾಲೇ?"

ಹೌದೆಂದೆ. ತೋಟಕ್ಕೆ ಚಪ್ಪಲಿ ಹಾಕುವುದು ನಮ್ಮ ಮನೆತನದಲ್ಲಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದೆ. ಬೆರಳನ್ನು ಬಿಟ್ಟು ಅವರು ಕಾಲನ್ನು ಹಿಡಿದುಕೊಂಡರು. ಇಲಿ, ಹೆಗ್ಗಣಗಳ ಉಚ್ಚೆ ಬೆರೆತ ನೀರಿನಿಂದ ಇಂಥ ಬಿರುಕಿನ ಮೂಲಕವೇ ಇಲಿಜ್ವರ ಒಳಹೊಗುತ್ತದೆ. ಕೈಕಾಲು ನೋವು, ಜ್ವರ ಎಂದು ಶುರುವಾಗಿ ಮೂತ್ರಪಿಂಡ, ಯಕೃತ್ತಿನವರೆಗೂ ಹೋಗಬಹುದು. ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿದರೆ ಅದರದೇ ಕಾಟ. ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ದಿನಾ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವ ನಾನು ಅದಕ್ಕಾಗಿ ಒಂದು ಲೋಟ ನೀರನ್ನೂ ಹೆಚ್ಚಿಗೆ ಕುಡಿದವನಲ್ಲ.

ಮನೆಗೆ ಬಂದು ವರದಿ ಒಪ್ಪಿಸಿದೆ. "ನಾನು ಹೇಳಿದ್ರೆ ಕೇಳಿಸ್ಲಿಲ್ಲ, ಡಾಕ್ಟ್ರು ಹೇಳ್ಬೇಕಾಯ್ತು" ಎನ್ನುತ್ತ ಆಕೆ ಹಿಂದೆಂದೋ ತಂದಿಟ್ಟ ಗಂಬೂಟುಗಳನ್ನು ಅಟ್ಟದಿಂದ ಇಳಿಸಿದಳು. ಎಡಗಾಲಿನದರ ಮೂತಿಯನ್ನು ಇಲಿ ತಿಂದು ಹಾಕಿತ್ತು.